ಹದಿನೆಂಟು ಚಾವಡಿಯ ದೊರೆ

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ನಮ್ಮ ಸೀಮೆಗೆ ಸಂಬಂಧಪಟ್ಟ ಒಬ್ಬ ಮಹನೀಯರ ಜೀವನ ಚರಿತ್ರೆ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಗೆಳೆಯರು ಕೇಳಿದಾಗ ನನಗೆ ಮೊದಲು ನೆನಪಾದವರು ಮೈಸೂರಿನ ಚಿಕ್ಕದೇವರಾಜ ಒಡೆಯರು. ಇದೇ ಶಾಲೆಯಲ್ಲಿ ಓದಿ, ಮುಂದೆ ಸಮಾಜ ವಿಜ್ಞಾನದ ಮೇಷ್ಟ್ರಾಗಿ, ಕೊನೆಯ ಕೆಲವು ವರ್ಷ ಪ್ರಭಾರ ಮುಖ್ಯ ಶಿಕ್ಷಕನಾಗಿ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳಲ್ಲಿ ದುಡಿದವನು ನಾನು. ಪ್ರಭಾರ ಮುಖ್ಯ ಶಿಕ್ಷಕನೆಂದರೆ ಏನೆಂದು ಈ ಸಂಚಿಕೆ ಓದುವ ಶಿಕ್ಷಕ ಮಿತ್ರರಿಗೆ ಹೇಳಬೇಕಾಗಿಲ್ಲ. ಪಾಠವೂ ಅವನದೇ, ಸಂಬಳದ ಬಿಲ್ಲೂ ಅವನದೇ. ಬಿಸಿಯೂಟದ ಅಕ್ಕಿ, ಸೈಕಲ್ ವಿತರಣೆ, ಚುನಾವಣೆ ಕೆಲಸ, ಜನಗಣತಿ, ಸೋರುವ ಕೊಠಡಿ ಎಲ್ಲವೂ ಅವನ ತಲೆಯ ಮೇಲೆಯೇ. ಮನೆಗೆ ಹೋದರೂ ಕೈಚೀಲದಲ್ಲಿ ಶಾಲೆಯೇ ಬಂದಿರುತ್ತದೆ. ಆ ದಿನಗಳಲ್ಲಿ ನಾನು ಪಾಠಕ್ಕಾಗಿ ಅಲ್ಲದೆ ನನಗಾಗಿಯೇ ಈ ದೊರೆಯ ಕಥೆಯನ್ನು ಮತ್ತೆ ಮತ್ತೆ ಓದಿದ್ದುಂಟು.

ಚಿಕ್ಕದೇವರಾಜರು ಹುಟ್ಟಿದ್ದು 1645ರಲ್ಲಿ. 1659ರಲ್ಲಿ ರಣಧೀರ ಕಂಠೀರವ ನರಸರಾಜ ಒಡೆಯರು ತೀರಿಕೊಂಡಾಗ ಪಟ್ಟಕ್ಕೆ ಬಂದವರು ತಂದೆಯ ತಲೆಮಾರಿನ ದೇವರಾಜ ಒಡೆಯರು. ಹದಿಮೂರು ಹದಿನಾಲ್ಕು ವರ್ಷದ ಹುಡುಗ ರಾಜಧಾನಿಯಿಂದ ದೂರ ಉಳಿಯಬೇಕಾಯಿತು. ಎಳೆಯ ವಯಸ್ಸಿನ ಕೆಲಕಾಲ ಯಳಂದೂರಿನಲ್ಲಿ ಕಳೆಯಿತು. ಆಮೇಲೆ ಕಾವಲಿನಲ್ಲಿಟ್ಟಂತೆ ಇರಿಸಿದ ಸ್ಥಳವನ್ನು ಕೆಲವರು ಹಂಗಳ ಎನ್ನುತ್ತಾರೆ, ಕೆಲವರು ತೆರಕಣಾಂಬಿ ಎನ್ನುತ್ತಾರೆ. ನಮಗೇನೂ ನಷ್ಟವಿಲ್ಲ, ಎರಡೂ ಗುಂಡ್ಲುಪೇಟೆ ತಾಲ್ಲೂಕಿನವೇ. ಇಂದಿಗೂ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವವರು ಹಂಗಳದ ಮೇಲೆಯೇ ಹೋಗಬೇಕು. ಚಾಮರಾಜನಗರಕ್ಕೆ ಆಗ ಆ ಹೆಸರಿರಲಿಲ್ಲ, ಅದು ಅರಿಕುಠಾರ.

ಅಧಿಕಾರವಿಲ್ಲದ ಆ ದಿನಗಳಲ್ಲಿ ಅವರು ಸಂಪಾದಿಸಿದ್ದು ಗೆಳೆತನವನ್ನು. ಯಳಂದೂರಿನ ಜೈನ ಪಂಡಿತ ವಿಶಾಲಾಕ್ಷ ಅವರಲ್ಲಿ ಮುಖ್ಯರು. ಇವರು ಮುಂದೆ ರಾಜನಾಗುತ್ತಾರೆಂದು ಪಂಡಿತರು ಭವಿಷ್ಯ ನುಡಿದರಂತೆ, ಹಾಗಾದರೆ ನೀವೇ ಮಂತ್ರಿಯೆಂದು ರಾಜಕುಮಾರರು ಮಾತು ಕೊಟ್ಟರಂತೆ. ಕಥೆ ಹೇಗೇ ಇರಲಿ, 1673ರಲ್ಲಿ ಪಟ್ಟಕ್ಕೆ ಬಂದೊಡನೆ ಆ ಮಾತು ನಡೆಯಿತು. ವಿಶಾಲಾಕ್ಷ ಪಂಡಿತರ ಜೊತೆಗೆ ತಿರುಮಲಾರ್ಯ, ಷಡಕ್ಷರಯ್ಯ, ಚಿಕ್ಕುಪಾಧ್ಯಾಯ, ಕರಣಿಕ ಲಿಂಗಣ್ಣಯ್ಯ ಸೇರಿ ಐವರ ಮಂತ್ರಿಮಂಡಲವಾಯಿತು. ಒಬ್ಬರು ಜೈನರು, ಒಬ್ಬರು ವೀರಶೈವರು, ಉಳಿದವರು ಬ್ರಾಹ್ಮಣರು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಜಾತಿ ನೋಡದೆ ಕೆಲಸ ನೋಡಿದರು ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ.

ತಂದೆಯ ಉತ್ತರಕ್ರಿಯೆ ನಡೆದ ನೆಲವನ್ನು ಅವರು ಮರೆಯಲಿಲ್ಲ. ವಿಜಯಪುರ ಎಂಬ ಹಳೆಯ ಹೆಸರಿನ ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಾಲಯವನ್ನು ತಂದೆಯ ನೆನಪಿಗಾಗಿ ಕಟ್ಟಿಸಿದರು, ಅಗ್ರಹಾರ ಮಾಡಿದರು, ಪೇಟೆ ಬೆಳೆಸಿದರು. ಆ ಗುಡಿ ಈಗ ಶಿಥಿಲವಾಗಿದೆ. ನಮ್ಮ ಮಕ್ಕಳು ಪ್ರವಾಸಕ್ಕೆಂದು ಬೇಲೂರಿಗೆ ಹೋಗುತ್ತಾರೆ, ಪಕ್ಕದ ಈ ಗುಡಿಯನ್ನು ನೋಡಿದವರು ಕಡಿಮೆ.

ರಾಜನೆಂದರೆ ಆಗ ದಂಡನಾಯಕ, ನ್ಯಾಯಾಧಿಪತಿ, ಖಜಾನೆಯ ಯಜಮಾನ, ದೇವಸ್ಥಾನಗಳ ಪಾರುಪತ್ಯಗಾರ, ಮನೆಯಲ್ಲಿ ಗೃಹಸ್ಥ. ಸುತ್ತಲೂ ಮಧುರೆಯ ನಾಯಕರು, ಇಕ್ಕೇರಿಯವರು, ಮರಾಠರು, ಮೊಗಲರು. 1687ರಲ್ಲಿ ಬೆಂಗಳೂರನ್ನು ಮೊಗಲರ ಸೇನಾಪತಿ ಕಾಸಿಂ ಖಾನನಿಂದ ಮೂರು ಲಕ್ಷ ರೂಪಾಯಿಗೆ ಪಡೆದರು. ಕಾವೇರಿಯಿಂದ ನಾಲೆ ತೆಗೆಸಿದರು, ಇಂದಿಗೂ ಅದು ಅವರ ಹೆಸರಿನಲ್ಲೇ ಹರಿಯುತ್ತಿದೆ. ಇಷ್ಟನ್ನೂ ಒಬ್ಬರೇ ನೋಡುತ್ತಿದ್ದರೆ ಯಾವುದೂ ಪೂರ್ತಿಯಾಗುತ್ತಿರಲಿಲ್ಲ.

ಆದರೆ ಹಂಚಿದ ಕೆಲಸಕ್ಕೂ ಬೆಲೆಯುಂಟು. ಖಜಾನೆ ತುಂಬಿಸುವ ಹೊಣೆ ವಿಶಾಲಾಕ್ಷ ಪಂಡಿತರ ಪಾಲಿಗೆ ಬಂದಿತ್ತು. ಬೆಳೆಯಲ್ಲಿ ಅರಮನೆಯ ಪಾಲು ಆರರಲ್ಲೊಂದೇ ಎಂದು ಉಳಿಸಿಕೊಂಡು, ಪಕ್ಕದಲ್ಲಿ ಸಣ್ಣ ಸಣ್ಣ ತೆರಿಗೆಗಳನ್ನು ಹತ್ತಾರು ಬಗೆಯಲ್ಲಿ ಸೇರಿಸಲಾಯಿತು. ರೈತರು ನೇಗಿಲನ್ನು ತಲೆಕೆಳಗಾಗಿ ಊರಬಾಗಿಲ ಮರಕ್ಕೆ ನೇತುಹಾಕಿ ಉಳುಮೆ ನಿಲ್ಲಿಸಿದರೆಂದು ಬ್ರಿಟಿಷ್ ಅಧಿಕಾರಿ ವಿಲ್ಕ್ಸ್ ಬರೆದಿದ್ದಾನೆ. ನಮ್ಮ ಹಳ್ಳಿಗರಿಗೆ ಆ ನೇಗಿಲಿನ ಅರ್ಥ ವಿವರಿಸಬೇಕಿಲ್ಲ. ದಂಗೆಗೆ ಜಂಗಮರು ಮುಂದಾಳುಗಳೆಂದು ಶಂಕಿಸಿದ ಅರಮನೆ ನಂಜನಗೂಡಿನಲ್ಲಿ ನಡೆಸಿತೆನ್ನುವ ಹತ್ಯೆಯ ಸಂಗತಿಯೂ ಅವನ ಗ್ರಂಥದಲ್ಲಿದೆ. ವಿವರಗಳ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆದರೂ ದೊರೆಯ ಗುಣಗಾನದ ನಡುವೆ ಇದನ್ನು ಬಿಟ್ಟು ಬರೆಯುವುದು ನನಗೆ ಸರಿಕಾಣದು. ಜನರ ಸಿಟ್ಟು ಹೋಗಿ ತಗುಲಿದ್ದು ಮಂತ್ರಿಗೆ. ಒಂದು ರಾತ್ರಿ ಆಸ್ಥಾನದಿಂದ ಮನೆಗೆ ಹೋಗುವ ದಾರಿಯಲ್ಲಿ ವಿಶಾಲಾಕ್ಷ ಪಂಡಿತರ ಮೇಲೆ ಹಲ್ಲೆಯಾಯಿತು, ಅವರು ಉಳಿಯಲಿಲ್ಲ. ಆಜ್ಞೆ ಯಾರದು, ಪ್ರಾಣ ಯಾರದು?

ಸಾಯುವ ಮುನ್ನ ಪಂಡಿತರು ತಮ್ಮ ಸ್ಥಾನಕ್ಕೆ ತಿರುಮಲಾರ್ಯರನ್ನು ಸೂಚಿಸಿದರಂತೆ. ತಮ್ಮ ಮತದವರನ್ನಲ್ಲ, ನೆಂಟರನ್ನಲ್ಲ, ಯೋಗ್ಯನೆಂದು ಕಂಡ ಶ್ರೀವೈಷ್ಣವನನ್ನು. ಕೆಲಸ ಬಿಟ್ಟುಹೋಗುವವರು ಮುಂದಿನವರನ್ನು ಹೀಗೆ ಗುರುತಿಸಿ ಹೋಗುವುದು ಬಹಳ ಅಪರೂಪ. ನಾನು ನಿವೃತ್ತನಾದ ದಿನ ಕೀಲಿಕೈ ಗೊಂಚಲನ್ನು ಯಾರಿಗೆ ಕೊಡಬೇಕೆಂದು ಆದೇಶವೇ ಬಂದಿರಲಿಲ್ಲ!

1699ರಲ್ಲಿ ಕರಣಿಕ ಲಿಂಗಣ್ಣಯ್ಯನವರ ಮುಖಂಡತ್ವದಲ್ಲಿ ಔರಂಗಜೇಬನ ಬಳಿಗೆ, ಅಹಮದ್‌ನಗರಕ್ಕೆ ರಾಯಭಾರ ಹೋಯಿತು. ದೊರೆ ತಾವೇ ಹೋಗಲಿಲ್ಲ. ಮರುವರ್ಷ ರಾಯಭಾರ ಹಿಂದಿರುಗಿದ ಮೇಲೆ ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ವಿಂಗಡಿಸಿದರು. ಇದೇ ಅಠಾರ ಕಚೇರಿ. ಹೆಸರುಗಳನ್ನು ಕೇಳಿದರೇ ಕೆಲಸ ತಿಳಿಯುತ್ತದೆ. ಜನರ ಅಹವಾಲು, ದೊರೆಯ ಅಪ್ಪಣೆಗಳಿಗೆ ನಿರೂಪದ ಚಾವಡಿ. ಹಳ್ಳಿಗಾಡಿನ ಸೈನ್ಯದ ಲೆಕ್ಕಕ್ಕೆ ಸೀಮೆಯ ಕಂದಾಚಾರ, ರಾಜಧಾನಿಯ ಸೈನ್ಯಕ್ಕೆ ಬಾಗಿಲ ಕಂದಾಚಾರ. ಸುಂಕಕ್ಕೊಂದು, ದೇವಸ್ಥಾನಕ್ಕೊಂದು, ಕಬ್ಬಿಣಕ್ಕೊಂದು, ಹೊಗೆಸೊಪ್ಪಿಗೂ ಒಂದು. ಅರಮನೆಯ ಒಳಗಿನ ವಿಚಾರಕ್ಕೆ ಸಮ್ಮುಖದ ಚಾವಡಿ. ಬೇಹಿನ ಚಾವಡಿಯ ಕೆಲಸ ಎರಡು, ಅಂಚೆ ಒಯ್ಯುವುದು ಮತ್ತು ಊರೂರಿನ ಗುಟ್ಟನ್ನು ದೊರೆಗೆ ಮುಟ್ಟಿಸುವುದು. ನಮ್ಮವರಿಗೆ ಬಹಳ ಇಷ್ಟವಾಗುವುದು ಬೆಣ್ಣೆ ಚಾವಡಿ. ಅರಮನೆಗೆ ಹಾಲು ಬೆಣ್ಣೆ ಕೊಡುತ್ತಿದ್ದ ಆ ಹಸುಗಳ ಹಿಂಡೇ ಮುಂದೆ ಟಿಪ್ಪು ಸುಲ್ತಾನರ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆಯಿತು.

ಇಷ್ಟೆಲ್ಲ ಹಂಚಿದ ದೊರೆ ಒಂದು ಕೆಲಸವನ್ನು ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲವಂತೆ. ದಿನವೂ ಎರಡು ಸಾವಿರ ವರಹ ಬೊಕ್ಕಸಕ್ಕೆ ಬಿದ್ದದ್ದನ್ನು ನೋಡಿದ ಮೇಲೆಯೇ ಊಟ. ಹಣ ಬರುವುದು ತಡವಾದರೆ ಊಟವೂ ತಡ. ನವಕೋಟಿ ನಾರಾಯಣ ಎಂಬ ಬಿರುದು ಹೀಗೆ ಕೂಡಿಟ್ಟ ಹಣದಿಂದಲೇ ಬಂತು. ಆ ಹಣ ಬಂದದ್ದು ನೇಗಿಲು ನೇತುಹಾಕಿದವರಿಂದಲೇ ಎಂಬುದನ್ನೂ ನೆನೆಯಬೇಕು.

ಪ್ರಭಾರದ ಕಾಲದಲ್ಲಿ ನಾನೂ ಒಂದು ನೋಟ್‌ಬುಕ್ಕಿನಲ್ಲಿ ಶಾಲೆಯ ಕೆಲಸಗಳನ್ನು ಚಾವಡಿಗಳಂತೆ ಬರೆದುಕೊಂಡಿದ್ದೆ. ಹದಿನೆಂಟು ಆಗಲಿಲ್ಲ, ಹನ್ನೊಂದಾಯಿತು. ಗಣಿತದ ಮೇಷ್ಟ್ರಿಗೆ ಬಿಲ್ಲು, ಹಿಂದಿ ಮೇಡಂಗೆ ದಾಖಲಾತಿ, ಪಿ.ಟಿ. ಮೇಷ್ಟ್ರಿಗೆ ಬಿಸಿಯೂಟ. ಅಕ್ಕಿಯ ದಾಸ್ತಾನು ಪುಸ್ತಕವನ್ನು ದಿನವೂ ನೋಡಿ ಸಹಿ ಹಾಕುವುದನ್ನು ಮಾತ್ರ ನಾನೇ ಇಟ್ಟುಕೊಂಡೆ. ಒಮ್ಮೆ ಊಟ ತಡವಾಯಿತೆಂದು ಪೋಷಕರು ಪಿ.ಟಿ. ಮೇಷ್ಟ್ರನ್ನು ಮುತ್ತಿಕೊಂಡರು. ಅವರನ್ನು ತರಗತಿಗೆ ಕಳಿಸಿ ನಾನೇ ಉತ್ತರ ಕೊಟ್ಟೆ. ಆಗ ವಿಶಾಲಾಕ್ಷ ಪಂಡಿತರ ನೆನಪು ಬಂದಿತ್ತೆಂದರೆ ನೀವು ನಗಬಹುದು. ಐದು ಗಂಟೆಗೆ ಬಸ್ಸು ಹತ್ತಿ ಬೆಳಕಿರುವಾಗಲೇ ಮನೆ ಸೇರಲು ಆ ವರ್ಷದಿಂದಲೇ ಸಾಧ್ಯವಾಯಿತು.

ದೊರೆಗೆ ಉಳಿದ ಸಮಯ ಎಲ್ಲಿ ಹೋಯಿತು? ಸಾಹಿತ್ಯಕ್ಕೆ. ಗೀತಗೋಪಾಲ, ಚಿಕ್ಕದೇವರಾಜ ಬಿನ್ನಪ ಅವರ ಹೆಸರಿನಲ್ಲಿವೆ. ಬಿನ್ನಪವನ್ನು ಬರೆದವರು ತಿರುಮಲಾರ್ಯರೇ ಎನ್ನುವ ವಿದ್ವಾಂಸರೂ ಇದ್ದಾರೆ. ಹಾಗಿದ್ದರೆ ಅದೂ ಹಂಚಿದ ಕೆಲಸವೇ ಸರಿ. ತಿರುಮಲಾರ್ಯರ ತಮ್ಮ ಸಿಂಗರಾರ್ಯರು ಮಿತ್ರವಿಂದಾ ಗೋವಿಂದ ಎಂಬ ನಾಟಕ ಬರೆದರು, ನಮಗೆ ದೊರೆತಿರುವ ಕನ್ನಡದ ಮೊದಲ ನಾಟಕವದು. ಯಳಂದೂರಿನಿಂದ ಬಂದ ರಾಣಿ ದೇವಾಜಮ್ಮಣ್ಣಿಯವರ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ಹದಿಬದೆಯ ಧರ್ಮ ಬರೆದದ್ದೂ ಇದೇ ಅರಮನೆಯಲ್ಲಿ. ಆಕೆಯೂ ನಮ್ಮ ಯಳಂದೂರಿನವಳೇ. ಊಳಿಗದ ನಡುವೆ ಆಕೆ ಹೊತ್ತು ಹೇಗೆ ಹೊಂದಿಸಿಕೊಂಡಳೋ! ದೊರೆಗೆ ಹದಿನೆಂಟು ಚಾವಡಿಗಳಿದ್ದವು, ಹೊನ್ನಮ್ಮನಿಗೆ ಒಂದೂ ಇರಲಿಲ್ಲ. ಅವಳ ಬಗ್ಗೆ ಬೇರೆಯೇ ಲೇಖನ ಬೇಕು, ನಮ್ಮ ಹಳೆಯ ವಿದ್ಯಾರ್ಥಿನಿಯರು ಯಾರಾದರೂ ಬರೆಯಲಿ.

1704ರ ನವೆಂಬರ್‌ನಲ್ಲಿ ಚಿಕ್ಕದೇವರಾಜ ಒಡೆಯರು ತೀರಿಕೊಂಡರು. ಮಗ ಇಮ್ಮಡಿ ಕಂಠೀರವ ನರಸರಾಜರಿಗೆ ಮಾತು ಬರುತ್ತಿರಲಿಲ್ಲ, ಜನ ಅವರನ್ನು ಮೂಕರಸು ಎನ್ನುತ್ತಿದ್ದರು. ಆದರೂ ರಾಜ್ಯ ನಡೆಯಿತು, ಮಂತ್ರಿಗಳೂ ಚಾವಡಿಗಳೂ ಇದ್ದುದರಿಂದ. ಅವರ ನಂತರ ಲೆಕ್ಕ ನೋಡುವ ದೊರೆಯೇ ಇಲ್ಲವಾಗಿ, ಅಧಿಕಾರವೆಲ್ಲ ದಳವಾಯಿಗಳ ಕೈಸೇರಿ ಒಡೆಯರು ಹೆಸರಿಗಷ್ಟೇ ಒಡೆಯರಾದರು. ಅಠಾರ ಕಚೇರಿ ಎಂಬ ಮಾತು ಮಾತ್ರ ಉಳಿಯಿತು. ಬೆಂಗಳೂರಿಗೆ ಹೋದ ನಮ್ಮ ಮಕ್ಕಳು ಕಬ್ಬನ್ ಪಾರ್ಕಿನಲ್ಲಿ ನೋಡುವ ಹೈಕೋರ್ಟಿನ ಕೆಂಪು ಕಟ್ಟಡಕ್ಕೂ ಅದೇ ಹೆಸರು. ಅದನ್ನು ಕಟ್ಟಿದ್ದು 1860ರ ದಶಕದಲ್ಲಿ, ಬ್ರಿಟಿಷರ ಆಡಳಿತದ ಹದಿನೆಂಟು ಇಲಾಖೆಗಳಿಗಾಗಿ.