ಮಾರ್ಫಿನ್ ಸೂಜಿಯ ಡಾಕ್ಟರ ಹೆಂಡತಿ ಅದೇ ಸೂಜಿಗೆ ಬಲಿಯಾದರೇ?

ಚರ್ಮದಡಿಗೆ ಮಾರ್ಫಿನ್ ಚುಚ್ಚುವುದನ್ನು ಕಲಿಸಿದ ಡಾಕ್ಟರ ಹೆಂಡತಿಯೇ ಆ ಚುಚ್ಚುಮದ್ದಿಗೆ ಬಲಿಯಾದರು ಎಂಬ ಕಥೆ ಬಹಳ ಹಳೆಯದು. ಅದು ಸುಳ್ಳು. ಇಂಥ ಕಥೆ ನಂಬಿ ಮನೆಯವರು ನೋವಿನ ಔಷಧಿ ಬೇಡವೆಂದರೆ ನರಳುವುದು ರೋಗಿ. ಹಾಗಾಗಿ ಆ ಡಾಕ್ಟರ ಬದುಕನ್ನೇ ನೋಡೋಣ.

ಅಲೆಕ್ಸಾಂಡರ್ ವುಡ್ ಹುಟ್ಟಿದ್ದು 1817ರಲ್ಲಿ, ಸ್ಕಾಟ್ಲೆಂಡಿನಲ್ಲಿ. ಎಡಿನ್‌ಬರೊದಲ್ಲಿ ಓದಿ ಅಲ್ಲೇ ವೈದ್ಯರಾದರು. ಆಗಲೂ ಮಾರ್ಫಿನ್ ಇತ್ತು. ಆದರೆ ನುಂಗಿದರೆ ಕೆಲವರಿಗೆ ವಾಂತಿಯಾಗಿ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. 1853ರಲ್ಲಿ ವುಡ್ ಗಾಜಿನ ಸಿರಿಂಜಿಗೆ ಟೊಳ್ಳು ಸೂಜಿ ಜೋಡಿಸಿ, ನರಶೂಲೆಯಿಂದ ಒದ್ದಾಡುತ್ತಿದ್ದ ವೃದ್ಧೆಯೊಬ್ಬರಿಗೆ ಚರ್ಮದಡಿಗೆ ಮಾರ್ಫಿನ್ ಕೊಟ್ಟರು. ನೋವು ಇಳಿದು ಆಕೆಗೆ ನಿದ್ದೆ ಹತ್ತಿತು. 1855ರಲ್ಲಿ ವುಡ್ ಈ ವಿಧಾನವನ್ನು ಪ್ರಕಟಿಸಿದರು.

ಅವರೇ ಮೊದಲಿಗರೇನಲ್ಲ. ಡಬ್ಲಿನ್ನಿನ ಫ್ರಾನ್ಸಿಸ್ ರಿಂಡ್ 1844ರಲ್ಲೇ ಬೇರೊಂದು ಸಾಧನದಿಂದ ಚರ್ಮದಡಿಗೆ ಔಷಧಿ ಇಳಿಸಿದ್ದರು. ನೋವಿರುವ ಜಾಗಕ್ಕೇ ಚುಚ್ಚಬೇಕೆಂದು ವುಡ್ ತಿಳಿದಿದ್ದರು. ಎಲ್ಲಿ ಚುಚ್ಚಿದರೂ ಔಷಧಿ ರಕ್ತ ಸೇರಿ ಇಡೀ ಮೈಗೆ ಹರಡುತ್ತದೆಂದು ತೋರಿಸಿದವರು ಲಂಡನ್ನಿನ ಚಾರ್ಲ್ಸ್ ಹಂಟರ್.

ವುಡ್ ತೀರಿಕೊಂಡದ್ದು 1884ರಲ್ಲಿ. ಅವರ ಪತ್ನಿ ರೆಬೆಕಾ 1894ರವರೆಗೆ ಬದುಕಿದ್ದರು!

ಹಂಟರ್ ಹೇಳಿದ ಆ ಸತ್ಯವೇ ಇಂದಿನ ಉಪಶಮನ ಆರೈಕೆಗೆ ಆಧಾರ. ದಾವಣಗೆರೆಯ ಪಿ.ಜೆ. ಬಡಾವಣೆಯ ಮನೆಯಲ್ಲೇ ಆಗಲಿ, ಹರಿಹರದಲ್ಲೇ ಆಗಲಿ, ಕ್ಯಾನ್ಸರ್ ಮುದುಡಿಸಿದ ಅಜ್ಜಿಗೆ ಮಾತ್ರೆ ನುಂಗಲು ಆಗುವುದಿಲ್ಲ, ನರವೂ ಸಿಗುವುದಿಲ್ಲ ಎಂದುಕೊಳ್ಳಿ. ಆಗ ನರ್ಸ್ ತೋಳು, ಎದೆ, ಹೊಟ್ಟೆ ಅಥವಾ ತೊಡೆಯ ಚರ್ಮದಡಿಗೆ ಸಣ್ಣ ಸೂಜಿ ಇಟ್ಟು, ಮೇಲೆ ಪಾರದರ್ಶಕ ಪ್ಲಾಸ್ಟರ್ ಅಂಟಿಸುತ್ತಾರೆ. ಪ್ರತಿ ಸಲ ಹೊಸದಾಗಿ ಚುಚ್ಚಬೇಕಿಲ್ಲ. ಅದೇ ನಳಿಕೆಯಲ್ಲಿ ಔಷಧಿ ಕೊಡಬಹುದು. ಸಿರಿಂಜ್ ಪಂಪ್ ಇದ್ದರೆ 24 ಗಂಟೆಯೂ ಹನಿಹನಿಯಾಗಿ ಹೋಗುತ್ತದೆ.

ಮಾರ್ಫಿನ್ ಪ್ರಮಾಣ ಮೀರಿದರೆ ಅಪಾಯ, ನಿಜ. ಅದಕ್ಕೇ ಪ್ರಮಾಣ ನಿರ್ಧರಿಸುವುದು ಡಾಕ್ಟರು. ನೋವಿಗೆ ತಕ್ಕಷ್ಟು ಅಳೆದು ಕೊಟ್ಟ ಮಾರ್ಫಿನ್ ಸಾವನ್ನು ಕರೆತರುವುದಿಲ್ಲ. ಮಂಪರು, ಮಲಬದ್ಧತೆ ಆಗಬಹುದು, ಅದಕ್ಕೂ ಉಪಾಯವಿದೆ. ಸೂಜಿಯ ಸುತ್ತ ಕೆಂಪಾದರೆ, ಊದಿದರೆ, ಔಷಧಿ ಸೋರಿದರೆ, ಇಲ್ಲವೇ ರೋಗಿಯನ್ನು ಎಬ್ಬಿಸಲು ಕಷ್ಟವಾದರೆ, ಉಸಿರು ತೀರಾ ನಿಧಾನವಾದರೆ ತಕ್ಷಣ ನರ್ಸ್‌ಗೋ ಡಾಕ್ಟರಿಗೋ ಫೋನ್ ಮಾಡಿ.

ವುಡ್ ಹೆಂಡತಿಯ ಕಥೆ ನಿಮ್ಮ ಗುಂಪಿಗೂ ಬಂದರೆ ಎರಡೇ ಇಸವಿ ಬರೆದು ಕಳಿಸಿ: ಗಂಡ 1884, ಹೆಂಡತಿ 1894.