ಟ್ರಾಂ ಗಾಡಿಗೆ ಹೆಸರು ಕೊಟ್ಟ ಪೀಟರ್ ವಿಟ್

ಬೆಳಗ್ಗಿನ ಒಂಬತ್ತರ ಬಸ್ಸಿನಲ್ಲಿ ಶಾಲೆಗೋ ಕಚೇರಿಗೋ ಹೊರಡುವವರಿಗೆ ಬಾಗಿಲಿನ ನೂಕುನುಗ್ಗಲು ಏನೆಂದು ವಿವರಿಸಬೇಕಾಗಿಲ್ಲ. ಬಾಗಿಲಲ್ಲಿ ಜನ ಜೋತಾಡುತ್ತಿರುತ್ತಾರೆ, ಒಳಗೆ ಸ್ಥಳ ಖಾಲಿ ಇರುತ್ತದೆ. ಇಳಿಯುವವರು ಇಳಿಯುವ ಮೊದಲೇ ಹತ್ತುವವರು ನುಗ್ಗುತ್ತಾರೆ. ಕಂಡಕ್ಟರನು ಆ ಸಂದಣಿಯಲ್ಲಿ ನುಸುಳಿ ಬರುವಷ್ಟರಲ್ಲಿ ಎರಡು ನಿಲ್ದಾಣ ದಾಟಿರುತ್ತದೆ. ಈ ಕಷ್ಟಕ್ಕೆ ನೂರು ವರ್ಷಗಳಿಗೂ ಹಿಂದೆ ಅಮೇರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಒಬ್ಬನು ಪರಿಹಾರ ಹುಡುಕಿದನು. ಆತ ಇಂಜಿನಿಯರನಲ್ಲ, ಎಳೆಯ ಪ್ರಾಯದಲ್ಲೇ ಶಾಲೆ ಬಿಟ್ಟ ಎರಕದ ಕೆಲಸಗಾರ. ಹೆಸರು ಪೀಟರ್ ವಿಟ್.

ವಿಟ್ ಹುಟ್ಟಿದ್ದು 1869ರಲ್ಲಿ, ಕ್ಲೀವ್‌ಲ್ಯಾಂಡಿನಲ್ಲಿಯೇ. ಜರ್ಮನಿಯಿಂದ ವಲಸೆ ಬಂದ ಬಡ ಮನೆತನ. ತಂದೆ ಕಮ್ಮಾರ. ಮನೆಯ ಬಡತನದಿಂದಾಗಿ ಹುಡುಗನ ವಿದ್ಯೆ ಐದನೇ ತರಗತಿಗೇ ನಿಂತಿತು. ಸಣ್ಣಪುಟ್ಟ ಕೆಲಸಗಳ ಬಳಿಕ ಆತ ಕಬ್ಬಿಣದ ಎರಕದ ಕಾರ್ಖಾನೆ ಸೇರಿದನು. ಕುದಿಯುವ ಲೋಹವನ್ನು ಅಚ್ಚಿಗೆ ಹೊಯ್ಯುವ ಆ ಕೆಲಸದಲ್ಲಿದ್ದಾಗಲೇ ಕಾರ್ಮಿಕ ಸಂಘದ ಕಡೆಗೆ ಮನಸ್ಸು ಹರಿಯಿತು. ಅದರ ಫಲವೂ ಬೇಗನೆ ಸಿಕ್ಕಿತು. ಮಾಲಿಕರು ಆತನ ಹೆಸರನ್ನು ಕಪ್ಪುಪಟ್ಟಿಗೆ ಸೇರಿಸಿದರು. ಕಲಿತ ಕಸುಬಿನಲ್ಲಿ ಕೆಲಸ ಸಿಗದಂತಾಯಿತು. ಹೊಟ್ಟೆಯಲ್ಲಿ ಸಿಟ್ಟು, ನಾಲಗೆಯಲ್ಲಿ ಬೆಂಕಿ ಇಟ್ಟುಕೊಂಡ ತರುಣನಾಗಿ ವಿಟ್ ಸಭೆಗಳಲ್ಲಿ ಕಾಣಿಸಿಕೊಳ್ಳತೊಡಗಿದನು.

1894ರ ಚುನಾವಣೆಯ ಕಾಲ. ಟಾಮ್ ಜಾನ್ಸನ್ ಎಂಬ ಧನಿಕನು ಡೇರೆ ಹಾಕಿ ಸಭೆ ನಡೆಸುತ್ತಿದ್ದನು. ಈ ಜಾನ್ಸನ್ ಟ್ರಾಂ ಕಂಪೆನಿಗಳಿಂದಲೇ ಹಣ ಮಾಡಿದವನು. ಆದರೆ ಹೆನ್ರಿ ಜಾರ್ಜ್ ಎಂಬ ಅರ್ಥಚಿಂತಕನ ಪುಸ್ತಕಗಳನ್ನು ಓದಿ ಮನಸ್ಸು ತಿರುಗಿ, ಸಾಮಾನ್ಯ ಜನರ ಪಕ್ಷ ವಹಿಸಿದವನು. ಸಭೆಯ ನಡುವೆ ವಿಟ್ ಎದ್ದು ನಿಂತು ಕಟುವಾದ ಪ್ರಶ್ನೆಗಳನ್ನೆಸೆದನು. ಬೇರೆಯವರಾದರೆ ಹೊರಗೆ ದಬ್ಬಿಸುತ್ತಿದ್ದರು. ಜಾನ್ಸನ್ ಆತನನ್ನು ವೇದಿಕೆಗೇ ಕರೆದು ಮಾತಾಡಲು ಅವಕಾಶ ಕೊಟ್ಟನು. ಜಗಳಕ್ಕೆ ಬಂದವನು ಆಜೀವ ಮಿತ್ರನಾದನು.

ಜಾನ್ಸನ್ 1901ರಲ್ಲಿ ನಗರದ ಮೇಯರನಾದಾಗ ವಿಟ್‌ಗೆ ಒಪ್ಪಿಸಿದ ಮೊದಲ ಕೆಲಸ ತೆರಿಗೆಯ ಲೆಕ್ಕ. ಬಡವನ ಸಣ್ಣ ಮನೆಗೆ ಬೆಲೆಯ ಹತ್ತಿರ ಹತ್ತಿರ ತೆರಿಗೆ ಕಟ್ಟಿದ್ದರೆ, ಸಿರಿವಂತರ ಆಸ್ತಿಗೆ ಬೆಲೆಯ ಒಂದು ಪಾಲಿನ ಮೇಲೆ ಮಾತ್ರ ಕಟ್ಟಿರುವುದನ್ನು ವಿಟ್ ಅಂಕೆಸಂಖ್ಯೆ ಸಹಿತ ಜನರ ಮುಂದಿಟ್ಟನು. ಬಳಿಕ 1903ರಿಂದ 1909ರ ವರೆಗೆ ನಗರಸಭೆಯ ಗುಮಾಸ್ತನಾಗಿ ದುಡಿದನು. ಗುಮಾಸ್ತನೆಂದರೆ ಅಲ್ಲಿ ದೊಡ್ಡ ಜವಾಬ್ದಾರಿಯ ಹುದ್ದೆಯೇ.

ಆ ವರ್ಷಗಳ ದೊಡ್ಡ ಹೋರಾಟ ಟ್ರಾಂ ದರದ್ದು. ಟಿಕೇಟು ಮೂರು ಸೆಂಟನ್ನು ಮೀರಬಾರದೆಂಬುದು ಜಾನ್ಸನನ ಹಟ. ದಿನಕ್ಕೆರಡು ಸಲ ಟ್ರಾಂ ಹತ್ತಲೇಬೇಕಾದ ಕೂಲಿಕಾರನಿಗೆ ಒಂದೆರಡು ಸೆಂಟಿನ ಉಳಿತಾಯ ಸಣ್ಣದಲ್ಲ. ಕೊನೆಗೆ 1910ರಲ್ಲಿ ಒಪ್ಪಂದವಾಯಿತು. ಕಂಪೆನಿ ಖಾಸಗಿಯದೇ ಆದರೂ ಲಾಭ ಶೇಕಡಾ 6ಕ್ಕೆ ಸೀಮಿತ. ಗಾಡಿ ಎಷ್ಟು ಓಡಬೇಕು, ಹೇಗೆ ಓಡಬೇಕು ಎಂಬ ಉಸ್ತುವಾರಿ ನಗರದ್ದು. ಮುಂದೆ ನ್ಯೂಟನ್ ಬೇಕರ್ ಮೇಯರನಾದಾಗ ಈ ಉಸ್ತುವಾರಿಯ ಕಮಿಷನರ್ ಹುದ್ದೆ ವಿಟ್‌ನ ಪಾಲಿಗೆ ಬಂತು.

ಕಡಿಮೆ ದರದಲ್ಲಿ ಗಾಡಿ ಓಡಿಸಬೇಕಾದರೆ ಹೊತ್ತು ಹಾಳಾಗಬಾರದು. ಹೊತ್ತು ಹಾಳಾಗುತ್ತಿದ್ದುದು ನಿಲ್ದಾಣಗಳಲ್ಲಿ. ಹತ್ತುವಾಗ ಬಾಗಿಲಲ್ಲೇ ಹಣ ಕೊಡಬೇಕಾದರೆ ಒಬ್ಬನ ಚಿಲ್ಲರೆಗಾಗಿ ಇಪ್ಪತ್ತು ಮಂದಿ ಬೀದಿಯಲ್ಲಿ ಕಾಯಬೇಕು. ವಿಟ್ 1914ರ ಸುಮಾರಿಗೆ ಇದಕ್ಕೊಂದು ಗಾಡಿಯನ್ನು ಯೋಜಿಸಿದನು. ಹತ್ತಲು ಮುಂದಿನ ಬಾಗಿಲು, ಇಳಿಯಲು ನಡುವಿನ ಬಾಗಿಲು, ಆ ನಡುಬಾಗಿಲ ಬಳಿಯಲ್ಲಿ ಕಂಡಕ್ಟರನ ಸ್ಥಾನ. ಗಾಡಿಯ ಮುಂಭಾಗ ಮನೆಯ ಜಗಲಿಯಂತೆ: ಜನರೆಲ್ಲ ಒಮ್ಮೆಗೇ ಹತ್ತಿ ಅಲ್ಲಿ ನಿಲ್ಲಬಹುದು, ಗಾಡಿ ಹೊರಟುಬಿಡಬಹುದು. ಕುಳಿತು ಹೋಗಬೇಕೆನ್ನುವವನು ಕಂಡಕ್ಟರನಿಗೆ ಹಣ ಕೊಟ್ಟು ಹಿಂಭಾಗಕ್ಕೆ ದಾಟುತ್ತಾನೆ. ಹತ್ತಿರದಲ್ಲೇ ಇಳಿಯುವವನು ಮುಂದೆಯೇ ನಿಂತಿದ್ದು ಇಳಿಯುವಾಗ ಕೊಡುತ್ತಾನೆ. ಕಂಡಕ್ಟರ್ ಜನರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಜನರೇ ಆತನ ಮುಂದೆ ಹಾದುಹೋಗುತ್ತಾರೆ. ಇಷ್ಟೇ ಉಪಾಯ. ಅಮೇರಿಕದ ಬೇರೆ ನಗರಗಳೂ ಕೆನಡಾದ ಟೊರಾಂಟೋ ನಗರವೂ ಇದನ್ನು ಸ್ವೀಕರಿಸಿದವು. ಗಾಡಿಗೆ ಪೀಟರ್ ವಿಟ್ ಎಂಬ ಹೆಸರೇ ಉಳಿಯಿತು.

ರಾಜಕೀಯದಲ್ಲಿ ಮಾತ್ರ ವಿಟ್‌ಗೆ ಅದೃಷ್ಟ ಕೂಡಿಬರಲಿಲ್ಲ. 1915ರಲ್ಲಿ ಮೇಯರ್ ಸ್ಥಾನಕ್ಕೆ ನಿಂತು ಸೋತನು. ಮಾತಿನ ಹರಿತ ಮಿತ್ರರಷ್ಟೇ ಶತ್ರುಗಳನ್ನೂ ಗಳಿಸಿಕೊಟ್ಟಿತ್ತು. ಆಮೇಲೆ ಊರೂರಿನ ಸಾರಿಗೆ ವ್ಯವಸ್ಥೆಗೆ ಸಲಹೆಗಾರನಾಗಿ ತಿರುಗಿದನು. 1920ರ ದಶಕದಲ್ಲಿ ಕೆಲಕಾಲ ನಗರಸಭೆಯ ಸದಸ್ಯನಾದನು. 1928ರಲ್ಲಿ ಗವರ್ನರ್ ಸ್ಥಾನದ ಅಭ್ಯರ್ಥಿಯಾಗಲು ಯತ್ನಿಸಿ, 1932ರಲ್ಲಿ ಮತ್ತೆ ಮೇಯರ್ ಸ್ಥಾನಕ್ಕೆ ನಿಂತು, ಎರಡರಲ್ಲೂ ಸೋತನು. 1948ರಲ್ಲಿ ತೀರಿಕೊಂಡನು. ಆರು ವರ್ಷಗಳೊಳಗೆ, 1954ರ ಜನವರಿಯಲ್ಲಿ, ಕ್ಲೀವ್‌ಲ್ಯಾಂಡಿನ ಬೀದಿ ಟ್ರಾಂಗಳ ಓಟವೂ ನಿಂತಿತು. ಮೋಟಾರು ಬಸ್ಸು, ಕಾರುಗಳ ಕಾಲ ಬಂದಿತ್ತು. ನಮ್ಮ ದೇಶದಲ್ಲೂ ಮದರಾಸಿನ ಟ್ರಾಂ 1953ರಲ್ಲಿ, ಬೊಂಬಾಯಿಯದು 1964ರಲ್ಲಿ ನಿಂತವು. ಬೊಂಬಾಯಿಯಲ್ಲಿ ದುಡಿದ ನಮ್ಮ ಕಡೆಯ ಹಿರಿಯರಿಗೆ ಅದರ ಗಂಟೆಯ ಸದ್ದಿನ ನೆನಪು ಬಹುಕಾಲವಿತ್ತು.

ಆದರೆ ಕತೆ ಇಲ್ಲಿಗೆ ಮುಗಿಯಲಿಲ್ಲ. ಇಟೆಲಿಯ ಮಿಲಾನ್ ನಗರವು ವಿಟ್‌ನ ಮಾದರಿಯಲ್ಲಿ 1927ರಲ್ಲಿ ಎರಡು ಗಾಡಿ ಮಾಡಿಸಿ ನೋಡಿ, 1928ರಿಂದ ಇನ್ನೂ ಐನೂರನ್ನು ಕಟ್ಟಿಸಿತು. ಅವುಗಳಲ್ಲಿ ನೂರಕ್ಕೂ ಮಿಕ್ಕಿ ಗಾಡಿಗಳು ಇಂದಿಗೂ ಓಡುತ್ತಿವೆ. ಹಬ್ಬದ ಮೆರವಣಿಗೆಗೆಂದು ಹೊರತೆಗೆಯುವ ಗಾಡಿಗಳಲ್ಲ ಅವು. ಮಾಮೂಲು ಟಿಕೇಟಿನಲ್ಲಿ ಜನ ಕೆಲಸಕ್ಕೆ, ಪೇಟೆಗೆ ಹೋಗುವುದು ಅವುಗಳಲ್ಲಿಯೇ. ವಿದ್ಯುತ್ ತಂತಿಯನ್ನು ಮುಟ್ಟುವ ಹಳೆಯ ಕೋಲಿನ ಬದಲು ಈಗ ಮಡಚುವ ಚೌಕಟ್ಟು ಬಂದಿದೆ. ಹಿಂದೆ ಇನ್ನೊಂದು ಬಾಗಿಲಾಗಿದೆ, ಕಂಡಕ್ಟರ್ ಇಲ್ಲ. ಸವೆದುದನ್ನು ಬದಲಿಸುತ್ತ, ಮರಕ್ಕೆ ಮತ್ತೆ ವಾರ್ನಿಷು ಹಚ್ಚುತ್ತ ಕಾರ್ಖಾನೆಯವರು ಗಾಡಿಗಳನ್ನು ಉಳಿಸಿಕೊಂಡಿದ್ದಾರೆ. ಉದ್ದುದ್ದಕ್ಕೆ ಹಾಕಿದ ಮರದ ಬೆಂಚುಗಳು ಹಾಗೆಯೇ ಇವೆ. ಹಲವಕ್ಕೆ ಮೊದಲಿದ್ದ ಹಳದಿ, ಕೆನೆ ಬಣ್ಣವನ್ನೇ ಮರಳಿ ಬಳಿದಿದ್ದಾರೆ.

ಮಿಲಾನಿನ ಕೆಲವು ಗಾಡಿಗಳು ಸಮುದ್ರ ದಾಟಿ ಅಮೇರಿಕದ ಸಾನ್ ಫ್ರಾನ್ಸಿಸ್ಕೋ ಸೇರಿವೆ. ಅಲ್ಲಿ 1995ರಲ್ಲಿ ಹಳೆಯ ಟ್ರಾಂಗಳಿಗೆಂದೇ ಆರಂಭಿಸಿದ ಮಾರ್ಗದಲ್ಲಿ ಅವು ನಿತ್ಯದ ಪ್ರಯಾಣಿಕರನ್ನು ಹೊತ್ತು ಓಡಿವೆ. ಕ್ಲೀವ್‌ಲ್ಯಾಂಡಿನ ಕೂಲಿಕಾರನ ಹೊತ್ತು ಉಳಿಸಲು ಹುಟ್ಟಿದ ಯೋಚನೆ ಇಟೆಲಿಯನ್ನು ಸುತ್ತಿ ಸ್ವದೇಶಕ್ಕೆ ಬಂದಂತಾಯಿತು.

ಮೇಯರ್ ಸ್ಥಾನಕ್ಕೆ ವಿಟ್‌ನನ್ನು ಸೋಲಿಸಿದವರ ಹೆಸರು ಇಂದು ಎಷ್ಟು ಮಂದಿಗೆ ಗೊತ್ತು? ಕೆಲಸ ಕಳೆದುಕೊಂಡ ಎರಕದವನ ಹೆಸರು ಮಾತ್ರ ಗಾಡಿಗಳ ಜೊತೆಯಲ್ಲಿ ಉಳಿದಿದೆ. ನಾಳೆ ಬಸ್ಸಿನ ಬಾಗಿಲಲ್ಲಿ ನೂಕಾಟವಾದಾಗ ಆತನನ್ನು ಒಮ್ಮೆ ನೆನೆದು, ಇಳಿಯುವವರಿಗೆ ಮೊದಲು ದಾರಿ ಬಿಟ್ಟರೆ ನಾವೂ ಆ ಪಾಠ ಕಲಿತಂತೆ.