ಸೊನ್ನೆಯಲ್ಲಿ ಕುದಿಯುತ್ತಿದ್ದ ನೀರು

ಮಕ್ಕಳೇ, ಸಾಂಬ್ರಾ ವಿಮಾನ ನಿಲ್ದಾಣದ ಹವಾಮಾನ ವರದಿಯಲ್ಲಿ ಉಷ್ಣತೆಯನ್ನು ಸೆಲ್ಸಿಯಸ್‌ನಲ್ಲಿ ಹೇಳುತ್ತಾರೆ. ಅದು ಒಬ್ಬರ ಹೆಸರು. ಆಂಡರ್ಸ್ ಸೆಲ್ಸಿಯಸ್ 1701ರಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿ ಹುಟ್ಟಿದ ಖಗೋಳಶಾಸ್ತ್ರಜ್ಞರು. ಆಗ ಮಾಪಕಕ್ಕೊಂದು ಅಳತೆ. ಒಂದೂರಿನ ಚಳಿಯನ್ನು ಇನ್ನೊಂದೂರಿನ ಚಳಿಗೆ ಹೋಲಿಸುವುದೇ ಕಷ್ಟ. 1742ರಲ್ಲಿ ಅವರು ಕುದಿಯುವ ನೀರು, ಕರಗುವ ಹಿಮ ಇವೆರಡರ ನಡುವೆ ನೂರು ಭಾಗ ಮಾಡಿದರು. ತಮಾಷೆಯೆಂದರೆ, ಕುದಿಯುವ ನೀರಿಗೆ 0, ಹಿಮಕ್ಕೆ 100! ಗಾಳಿಯ ಒತ್ತಡ ಬದಲಾದರೆ ಕುದಿಯುವ ಬಿಂದುವೂ ಬದಲಾಗುತ್ತದೆಂದು ತೋರಿಸಿಕೊಟ್ಟರು. (ಸುಮಾರು 750 ಮೀಟರ್ ಎತ್ತರದ ನಮ್ಮ ಸಾಂಬ್ರಾದಲ್ಲಿ ನೀರು 98 ಡಿಗ್ರಿಗೂ ಮೊದಲೇ ಕುದಿಯುತ್ತದೆ.) 1744ರಲ್ಲಿ ಕ್ಷಯರೋಗದಿಂದ ತೀರಿಕೊಂಡಾಗ ಅವರಿಗೆ 42 ವರ್ಷ. ಉಪ್ಸಾಲದಲ್ಲಿ ಅಂಕಿಗಳು ತಿರುವುಮುರುವಾದದ್ದು ಆಮೇಲೆ.

ಜ್ವರವಿಲ್ಲದ ಮೈಬಿಸಿ ಅವರ ಲೆಕ್ಕದಲ್ಲಿ 63, ಇಂದು 37. ಈ 37ನ್ನು 9ರಿಂದ ಗುಣಿಸಿ, 5ರಿಂದ ಭಾಗಿಸಿ, 32 ಕೂಡಿಸಿದರೆ ಡಾಕ್ಟರರು ಹೇಳುವ 98.6 ಫ್ಯಾರನ್‌ಹೀಟ್.